ಹಬ್ಬದ ಖರ್ಚು: ‘ಬೇಡ’ ಅನ್ನಬೇಕಾದವರು ಯಾರು?

ಶ್ರಾವಣ ಹುಟ್ಟಿತು ಅಂದರೆ ಸಾಕು, ನಮಗೆಲ್ಲ ಎರಡು ಥರದ ಉಪದೇಶ ಶುರುವಾಗುತ್ತೆ. ಒಂದು, ಪೇಪರಿನ ಮುಖಪುಟ ತುಂಬ ಬರುವ “ಕೊಳ್ಳಿರಿ, ಉಳಿಸಿರಿ” ಜಾಹೀರಾತು. ಇನ್ನೊಂದು, ಅದೇ ಪೇಪರಿನ ಪುರವಣಿಯಲ್ಲಿ ಬರುವ “ಹಬ್ಬದ ಖರ್ಚು ತಗ್ಗಿಸಲು ಹತ್ತು ದಾರಿಗಳು”. ಮೊದಲನೆಯದರ ಪ್ರಕಾರ ಉಳಿತಾಯ ಅಂದರೆ ಐವತ್ತು ಸಾವಿರದ ಟೀವಿಯನ್ನು ನಲವತ್ನಾಲ್ಕಕ್ಕೆ ತರೋದು. ಎರಡನೆಯದರ ಪ್ರಕಾರ ಉಳಿತಾಯ ಅಂದರೆ ತೋರಣವನ್ನು ಮನೆಯಲ್ಲೇ ಕಟ್ಟಿಕೊಳ್ಳೋದು. ಎರಡನ್ನೂ ಓದಿ ಮಡಚಿಟ್ಟ ಮೇಲೂ ನನಗೆ ಒಂದು ಪ್ರಶ್ನೆ ಹಾಗೇ ಉಳಿಯುತ್ತೆ. ಹಬ್ಬ ಮುಗಿದ ಮೇಲೆ ಮಧ್ಯಮವರ್ಗದ ಮನೆಗಳಲ್ಲಿ ಉಳಿಯುವ ಸಾಲ ಟೀವಿಯದ್ದೂ ಅಲ್ಲ, ತೋರಣದ್ದೂ ಅಲ್ಲವಲ್ಲ? ಅದು ಯಾವುದರದ್ದು ಅಂತ ಯಾರೂ ಯಾಕೆ ಬರೆಯಲ್ಲ?

ಇರಲಿ, ಮೊದಲು ಟೀವಿಯನ್ನೇ ತಗೊಳ್ಳೋಣ. 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲನೇ ದಿನವೇ, ಜಿಎಸ್‌ಟಿ ದರಗಳು ಇಳಿದವು. ದೊಡ್ಡ ಟೀವಿ, ಏಸಿಗಳ ಮೇಲಿನ ತೆರಿಗೆ ಶೇ. 28ರಿಂದ 18ಕ್ಕೆ ಬಂತು. ಪ್ರಧಾನಿಯವರು ಅದನ್ನು ಉಳಿತಾಯದ ಉತ್ಸವ ಅಂತ ಕರೆದರು. ತೆರಿಗೆ ಇಳಿದರೆ ಒಳ್ಳೆಯದೇ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಆ ವಾರ ನಮ್ಮ ಟೀಮಿನಲ್ಲಿ ಇಬ್ಬರು ಟೀವಿ ಬದಲಾಯಿಸಿದರು. ಇಬ್ಬರ ಹಳೇ ಟೀವಿಯೂ ಗುಂಡುಕಲ್ಲಿನ ಹಾಗಿತ್ತು. “ಆರು ಸಾವಿರ ಉಳೀತು ಗುರೂ” ಅಂತ ಕಾಫಿ ಮಷೀನಿನ ಹತ್ತಿರ ಹೇಳಿದವನ ಅಕೌಂಟಿನಿಂದ ನಲವತ್ನಾಲ್ಕು ಸಾವಿರ ಹೋಗಿತ್ತು. ಬೇಕಾಗಿದ್ದ ವಸ್ತು ಅಗ್ಗವಾಗಿ ಸಿಕ್ಕರೆ ಅದು ಉಳಿತಾಯ. ಬೇಡದ್ದು ಅಗ್ಗವಾಗಿ ಸಿಕ್ಕರೆ ಅದೂ ಖರ್ಚೇ. ಇಷ್ಟು ಲೆಕ್ಕ ಮಾಡೋಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ :)

ಸರಿ, ಹಬ್ಬಕ್ಕೆ ನಿಜವಾಗಿ ಎಷ್ಟು ಖರ್ಚಾಗುತ್ತೆ? ಹಬ್ಬ ಅಂದರೆ ಬರೀ ಹಬ್ಬ. ಪೂಜೆ, ಅಡುಗೆ, ಮನೆಮಂದಿ. ಯುಗಾದಿಯನ್ನೇ ನೋಡಿ. ಬೇವು ಬೀದಿಯ ಮರದ್ದು. ಬೆಲ್ಲ ಡಬ್ಬದ್ದು. ಮಾವಿನ ಸೊಪ್ಪು ಊರಲ್ಲಿ ಬಿಟ್ಟಿ, ಬೆಂಗಳೂರಲ್ಲಿ ಒಂದಿಷ್ಟು ಚಿಲ್ಲರೆ. ಎಣ್ಣೆನೀರಿಗೆ ಎಣ್ಣೆ, ಸೀಗೆಪುಡಿ. ಐದು ಜನಕ್ಕೆ ಹೊಟ್ಟೆ ತುಂಬ ಒಬ್ಬಟ್ಟು, ಒಬ್ಬಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ ಮಾಡೋಕೆ ಬೇಳೆ, ಬೆಲ್ಲ, ಮೈದಾ, ಕಾಯಿ, ಎಣ್ಣೆ ಎಲ್ಲ ಸೇರಿ ನಮ್ಮ ಮನೆಯಲ್ಲಿ ಐನೂರು ರೂಪಾಯಿ ಆಚೀಚೆ ಆಗುತ್ತೆ. ನಾವು ಶನಿವಾರ ರಾತ್ರಿ ಆ್ಯಪಿನಲ್ಲಿ ಇಬ್ಬರಿಗೆ ತರಿಸಿಕೊಳ್ಳುವ ಬಿರಿಯಾನಿಗೂ ಹೆಚ್ಚುಕಡಿಮೆ ಅಷ್ಟೇ ಆಗುತ್ತೆ.

ನಮ್ಮ ಹಬ್ಬಗಳನ್ನು ಯಾರು ಡಿಸೈನ್ ಮಾಡಿದರೋ ಗೊತ್ತಿಲ್ಲ. ಆದರೆ ಮಾಡಿದವರಿಗೆ ಬಜೆಟ್ಟಿನ ಅರಿವು ಚೆನ್ನಾಗಿತ್ತು. ಆಯಾ ಕಾಲದಲ್ಲಿ ಹೊಲದಲ್ಲಿ ಏನು ಸಿಗುತ್ತೋ ಅದೇ ಹಬ್ಬದ ಸಾಮಾನು. ಸಂಕ್ರಾಂತಿಗೆ ಅವರೆಕಾಯಿ, ಕಬ್ಬು, ಎಳ್ಳು, ಕಡಲೆಕಾಯಿ. ಉತ್ತರ ಕರ್ನಾಟಕದ ಪಂಚಮಿಗೆ ಅಳ್ಳು, ಶೇಂಗಾ ಉಂಡಿ, ಮರಕ್ಕೆ ಕಟ್ಟಿದ ಜೋಕಾಲಿ. ಮಲೆನಾಡಿನ ದೀಪಾವಳಿಗೆ ಗೋಪೂಜೆ, ರಾತ್ರಿ ದೀಪ ಹಿಡಿದು ಹಾಡುತ್ತಾ ಮನೆಮನೆಗೆ ಬರುವ ಅಂಟಿಗೆ ಪಂಟಿಗೆಯವರು. ಎಲ್ಲಕ್ಕಿಂತ ನನಗೆ ಇಷ್ಟವಾಗಿದ್ದು ಹೆಂಡತಿಯ ಊರಿನ ದಸರಾ (ನನ್ನವಳು ಹಾವೇರಿ ಕಡೆಯವಳು). ವಿಜಯದಶಮಿಯ ಸಂಜೆ ಊರಿಗೆ ಊರೇ ಬನ್ನಿ ಎಲೆ ಹಿಡಿದು ಹೊರಡುತ್ತೆ. ಒಬ್ಬರಿಗೊಬ್ಬರು ಎಲೆ ಕೊಟ್ಟು “ಬನ್ನಿ ತಗೊಂಡು ಬಂಗಾರದಂಗ ಇರೋಣು” ಅಂತಾರೆ. ಚಿಕ್ಕವರು ದೊಡ್ಡವರ ಕಾಲಿಗೆ ನಮಸ್ಕಾರ ಮಾಡ್ತಾರೆ. ಜಗಳವಾಡಿ ಮಾತು ಬಿಟ್ಟವರೂ ಅವತ್ತು ಬನ್ನಿ ಕೊಟ್ಟು ಮಾತಾಡಿಸಬೇಕು. ಅಲ್ಲಿ ಎಲೆಯೇ ಬಂಗಾರ. ಅದಕ್ಕೆ ಮಜೂರಿಯೂ ಇಲ್ಲ, ವೇಸ್ಟೇಜೂ ಇಲ್ಲ!

ಹಾಗಿದ್ದ ಮೇಲೆ ದುಡ್ಡು ಹೋಗೋದೆಲ್ಲಿ? ನನ್ನ ಲೆಕ್ಕದ ಪ್ರಕಾರ ಮೂರು ಕಡೆ ಸೋರುತ್ತೆ. ಎಲ್ಲರೂ ಒಂದೇ ದಿನ ಕೊಳ್ಳೋದರಿಂದ, ಇಲ್ಲದ ದುಡ್ಡಲ್ಲಿ ಕೊಳ್ಳೋದರಿಂದ, ಇನ್ನೊಬ್ಬರಿಗೆ ಕೊಡೋದರಿಂದ. ಮೊದಲೆರಡನ್ನು ಬೇಗ ಮುಗಿಸ್ತೀನಿ, ಯಾಕಂದ್ರೆ ನನಗೆ ಮುಖ್ಯವಾಗಿ ಹೇಳಬೇಕಾಗಿರೋದು ಮೂರನೆಯದು.

ಮೊದಲನೆಯದು ನಮ್ಮ ಸಾಫ್ಟ್‌ವೇರಿನವರಿಗೆ ಬೇಗ ಅರ್ಥವಾಗುವ ವಿಷಯ, ಪೀಕ್ ಲೋಡ್. ಎಲ್ಲರೂ ಒಂದೇ ಹೊತ್ತಿಗೆ ಬಂದು ಬಾಗಿಲು ತಟ್ಟಿದರೆ ಸರ್ವರ್ ಮಲಗುತ್ತೆ, ಮಾರ್ಕೆಟ್ಟಿನಲ್ಲಿ ಬೆಲೆ ಏಳುತ್ತೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಕನಕಾಂಬರ ಕೇಜಿಗೆ ಸಾವಿರ ದಾಟಿತು ಅನ್ನೋದು ವರ್ಷವೂ ತಪ್ಪದೆ ಬರುವ ಸುದ್ದಿ. ಹಬ್ಬ ಕಳೆದು ಎರಡು ದಿನಕ್ಕೆ ಅದೇ ಹೂವಿನ ಬೆಲೆ ಇಳಿದಿರುತ್ತೆ. ಆ ಶುಕ್ರವಾರ ಆಗದಿದ್ದರೆ ಶ್ರಾವಣದ ಬೇರೆ ಶುಕ್ರವಾರ ವ್ರತ ಮಾಡಬಹುದು ಅಂತ ಹಿರಿಯರೇ ಹೇಳ್ತಾರೆ. ಹಾಗೆ ಮುಂದೂಡೋಕೆ ಮನಸ್ಸಿಲ್ಲದಿದ್ದರೆ ಅಂದೇ ಮಾಡಿ, ಆದರೆ ಮೂರು ಮೊಳದ ಜಾಗದಲ್ಲಿ ಒಂದು ಮೊಳ ಮುಡಿಸಿ. ಮಹಾಲಕ್ಷ್ಮಿ ಮೊಳ ಹಾಕಿ ನೋಡಲ್ಲ.

ಊರಿಗೆ ಹೋಗೋದೂ ಇದೇ ಕಥೆ. ಹಬ್ಬದ ಹಿಂದಿನ ರಾತ್ರಿ ಖಾಸಗಿ ಬಸ್ಸಿನ ಟಿಕೆಟ್ ದರ ಎರಡು ಪಟ್ಟು, ಮೂರು ಪಟ್ಟು ಏರೋದು ನಿಮಗೆ ಗೊತ್ತೇ ಇದೆ. ಸಾರಿಗೆ ಇಲಾಖೆ ಎಚ್ಚರಿಕೆ ಕೊಡುತ್ತೆ, ದರ ಏರುತ್ತೆ, ಮುಂದಿನ ಹಬ್ಬಕ್ಕೆ ಮತ್ತೆ ಎಚ್ಚರಿಕೆ ಕೊಡುತ್ತೆ. ಇದಕ್ಕೆ ಇರುವ ಮದ್ದು ಕ್ಯಾಲೆಂಡರು ಮಾತ್ರ. ರೈಲಿನ ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನ ಆಗಿದೆ. ಹಾಗಾಗಿ ಪಂಚಾಂಗ ಕೈಗೆ ಬಂದ ತಕ್ಷಣ ಹಬ್ಬದ ತಾರೀಖಿಂದ ಹಿಂದಕ್ಕೆ ಅರವತ್ತು ದಿನ ಎಣಿಸಿ ಫೋನಿನಲ್ಲಿ ಅಲಾರಂ ಇಟ್ಟುಕೊಂಡರೆ ಆಯಿತು. ಕೆಎಸ್ಸಾರ್ಟಿಸಿಯಲ್ಲಿ ನಾಲ್ಕು ಅಥವಾ ಹೆಚ್ಚು ಜನ ಒಂದೇ ಟಿಕೆಟ್ಟಿನಲ್ಲಿ ಬುಕ್ ಮಾಡಿದರೆ ಶೇ. 5, ಹೋಗಿಬರುವ ಟಿಕೆಟ್ ಒಟ್ಟಿಗೇ ಮಾಡಿದರೆ ಬರುವಾಗಿನದಕ್ಕೆ ಶೇ. 10 ರಿಯಾಯಿತಿ ಅಂತ ಹಬ್ಬದ ವಿಶೇಷ ಬಸ್ಸುಗಳ ಪ್ರಕಟಣೆಯಲ್ಲಿ ಬರೆದಿರುತ್ತಾರೆ, ಯಾರೂ ಓದಲ್ಲ ಅಷ್ಟೆ. ಇನ್ನು 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರೋದರಿಂದ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟೇ ಇಲ್ಲ. ಮಗಳು ತವರಿಗೆ ಹೋಗುವ ಚಾರ್ಜು ಸೊನ್ನೆ! (ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತೋಕೆ ಆಗುತ್ತಾ ಅನ್ನೋದು ಬೇರೆ ಮಾತು.)

ಎರಡನೇ ಸೋರಿಕೆ ಇಎಂಐ. ಬಡ್ಡಿಯಿಲ್ಲದ ಕಂತು ಅಂತ ಒಂದು ಮಾಯೆ ಇದೆ ನೋಡಿ. ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ, ಶೂನ್ಯ ಬಡ್ಡಿ ಅನ್ನೋದೇ ಇಲ್ಲ, ಬಡ್ಡಿಯನ್ನು ಪ್ರೊಸೆಸಿಂಗ್ ಫೀ ಮುಂತಾದ ಹೆಸರಲ್ಲಿ ಮರೆಮಾಡಲಾಗುತ್ತೆ ಅಂತ ಹೇಳಿತು. ಆಮೇಲೆ ಅದೇ ದೇವರು ‘ನೋ ಕಾಸ್ಟ್’ ಅನ್ನುವ ಹೊಸ ಅವತಾರದಲ್ಲಿ ಬಂದ. ಈಗ ಬಡ್ಡಿ ಹಾಕ್ತಾರೆ, ಅಷ್ಟೇ ಮೊತ್ತವನ್ನು ಡಿಸ್ಕೌಂಟ್ ಅಂತ ಕಳೀತಾರೆ. ಆದರೆ ಆ ಬಡ್ಡಿಯ ಮೇಲಿನ ಶೇ. 18 ಜಿಎಸ್‌ಟಿಯನ್ನು ನಾವೇ ಕಟ್ಟಬೇಕು. ಲೆಕ್ಕಕ್ಕೆ ಒಂದು ಉದಾಹರಣೆ: ಮೂವತ್ತು ಸಾವಿರದ ಫೋನಿಗೆ ಆರು ಕಂತಿನಲ್ಲಿ ಬಡ್ಡಿ 1,300 ಅಂತಿಟ್ಟುಕೊಂಡರೆ ಅದರ ಜಿಎಸ್‌ಟಿ 234. ಪ್ರೊಸೆಸಿಂಗ್ ಫೀ 199 ಅಂದರೆ ತೆರಿಗೆ ಸೇರಿ 235. ಒಟ್ಟು 469 ರೂಪಾಯಿ. ‘ನೋ ಕಾಸ್ಟ್’ ಅಂದ್ರೆ ಇದು! ಮೊತ್ತ ಸಣ್ಣದು ಅಂತೀರಾ, ಸರಿ. ಕ್ರೆಡಿಟ್ ಕಾರ್ಡಿನಲ್ಲಿ ಮೂವತ್ತು ಸಾವಿರ ಉಜ್ಜಿ, ತಿಂಗಳ ಕೊನೆಗೆ ‘ಮಿನಿಮಮ್ ಡ್ಯೂ’ ಮಾತ್ರ ಕಟ್ಟಿ ನೋಡಿ. ತಿಂಗಳಿಗೆ ಶೇ. 3.5ರಂತೆ ಮೂವತ್ತು ಸಾವಿರಕ್ಕೆ 1,050 ಬಡ್ಡಿ, ಅದರ ಮೇಲೆ 189 ಜಿಎಸ್‌ಟಿ. ವರ್ಷಕ್ಕೆ ಶೇ. 42. ನಮ್ಮೂರಿನ ಮೀಟರ್ ಬಡ್ಡಿ ಸಾಹುಕಾರರನ್ನು ನಾವು ಬೈಯುತ್ತೇವೆ, ಕಾರ್ಡು ಕೊಟ್ಟವರಿಗೆ ಥ್ಯಾಂಕ್ಸ್ ಹೇಳುತ್ತೇವೆ.

ಇದಕ್ಕೆ ಉತ್ತರ ಹಳ್ಳಿಯವರ ಹತ್ತಿರ ಎಂದಿನಿಂದಲೂ ಇದೆ. ನಮ್ಮ ಮಂಡ್ಯದ ಕಡೆ ವರ್ಷತೊಡಕಿಗೆ ಗುಡ್ಡೆ ಬಾಡು ಅಂತ ಮಾಡ್ತಾರೆ. ಹತ್ತಿಪ್ಪತ್ತು ಮನೆಯವರು ಚೀಟಿ ಹಾಕಿಕೊಂಡು ವಾರಕ್ಕಿಷ್ಟು ಅಂತ ವರ್ಷವಿಡೀ ದುಡ್ಡು ಕೂಡಿಸ್ತಾರೆ. ಯುಗಾದಿ ಹೊತ್ತಿಗೆ ಮರಿ ತಂದು, ಕೊಯ್ದು, ಎಲೆ ಹಾಸಿ ಸಮಸಮವಾಗಿ ಗುಡ್ಡೆ ಹಾಕಿ ಹಂಚಿಕೊಳ್ತಾರೆ. ಅಂಗಡಿ ರೇಟೂ ಇಲ್ಲ, ಸಾಲವೂ ಇಲ್ಲ, ಮೇಲಾಗಿ ಬಡವನ ಗುಡ್ಡೆಗೂ ಸಾಹುಕಾರನ ಗುಡ್ಡೆಗೂ ವ್ಯತ್ಯಾಸ ಇಲ್ಲ. ಬೆಂಗಳೂರಿನ ವಠಾರಗಳಲ್ಲಿ ಪಟಾಕಿ ಚೀಟಿ ನಡೆಯೋದೂ ಹೀಗೇ. ಚೀಟಿ ದುಡ್ಡು ಎತ್ತಿಕೊಂಡು ಪರಾರಿಯಾದವರ ಸುದ್ದಿಗಳೂ ಬರುತ್ತವೆ, ಹಾಗಾಗಿ ನಂಬಿಕಸ್ತರು ಇಲ್ಲದ ಕಡೆ ಬ್ಯಾಂಕಿನ ಆರ್‌ಡಿ ವಾಸಿ. ವರ್ಷದ ಹಬ್ಬಗಳಿಗೆಲ್ಲ ಸೇರಿ ಮೂವತ್ತಾರು ಸಾವಿರ ಬೇಕು ಅಂದರೆ ತಿಂಗಳಿಗೆ ಮೂರು ಸಾವಿರ. ದೀಪಾವಳಿ ಎಂದು ಬರುತ್ತೆ ಅಂತ ಪಂಚಾಂಗ ಮೊದಲೇ ಹೇಳಿರುತ್ತೆ. ಅಷ್ಟು ಮುಂಚೆ ಗೊತ್ತಿರುವ ಖರ್ಚನ್ನೂ ‘ದಿಢೀರ್ ಖರ್ಚು’ ಅನ್ನೋದು ನ್ಯಾಯವಲ್ಲ.

ಈಗ ಮೂರನೆಯದು. ಕೊಡುವುದು.

ಸಣ್ಣದರಿಂದ ಶುರು ಮಾಡ್ತೀನಿ. ಸಂಕ್ರಾಂತಿಯ ಎಳ್ಳು ಮೊದಲು ಕಾಗದದ ಪೊಟ್ಟಣದಲ್ಲಿ ಬರುತ್ತಿತ್ತು. ಆಮೇಲೆ ಪ್ಲಾಸ್ಟಿಕ್ ಕವರ್. ಆಮೇಲೆ ಪುಟಾಣಿ ಪ್ಲಾಸ್ಟಿಕ್ ಡಬ್ಬಿ. ಈಗ ಎಳ್ಳಿನ ಜೊತೆ ಒಂದು ಸ್ಟೀಲ್ ಬಟ್ಟಲೋ ತಟ್ಟೆಯೋ ಇರಬೇಕು. ಒಬ್ಬರು ಡಬ್ಬಿ ಕೊಟ್ಟ ಮೇಲೆ ಮುಂದಿನ ವರ್ಷ ಅವರಿಗೆ ಪೊಟ್ಟಣ ಕೊಡೋದು ಹೇಗೆ? ಹಾಗೆಂದು ಡಬ್ಬಿ ಕೊಟ್ಟವರಿಗೆ ಡಬ್ಬಿ, ಉಳಿದವರಿಗೆ ಪೊಟ್ಟಣ ಅಂತ ಮಾಡೋಕಾಗುತ್ತಾ? ಎಲ್ಲರಿಗೂ ಡಬ್ಬಿ. ಹೀಗೆ ಬೀದಿಗೆ ಬೀದಿಯೇ ಅಪ್‌ಗ್ರೇಡ್ ಆಗುತ್ತೆ, ಡೌನ್‌ಗ್ರೇಡ್ ಬಟನ್ನು ಮಾತ್ರ ಯಾರ ಕೈಯಲ್ಲೂ ಇಲ್ಲ.

ಇನ್ನು ರವಿಕೆ ಕಣ. ವರಮಹಾಲಕ್ಷ್ಮಿಗೆ, ಗೌರಿಗೆ, ನವರಾತ್ರಿಗೆ ಬಂದ ಮುತ್ತೈದೆಯರಿಗೆಲ್ಲ ತಾಂಬೂಲದ ಜೊತೆ ಕೊಡುವ ರವಿಕೆ ಬಟ್ಟೆ. ಅದನ್ನು ಹೊಲಿಸಿಕೊಂಡವರನ್ನು ನಾನಂತೂ ನೋಡಿಲ್ಲ. ನಮ್ಮ ಮನೆಗೆ ಬಂದಿದ್ದು ಪಕ್ಕದ ಮನೆಗೆ ಹೋಗುತ್ತೆ, ಅಲ್ಲಿಂದ ಅವರ ಓರಗಿತ್ತಿಗೆ, ಅಲ್ಲಿಂದ ಇನ್ನೆಲ್ಲಿಗೋ. ಕಾಲೇಜಿನಲ್ಲಿ ಟೋಕನ್ ರಿಂಗ್ ನೆಟ್‌ವರ್ಕ್ ಅಂತ ಓದಿದ್ದು ನೆನಪಿದೆಯಾ? ಅದೇ ಇದು! ಅಮ್ಮ ಒಂದು ಸಲ ತಾನೇ ಕೊಟ್ಟ ರವಿಕೆ ಕಣ ಎರಡು ವರ್ಷದ ಮೇಲೆ ವಾಪಸ್ ಬಂದಿದ್ದನ್ನು ಅಂಚಿನ ಮೇಲಿದ್ದ ಅರಿಶಿನದ ಕಲೆಯಿಂದ ಗುರುತು ಹಿಡಿದಿದ್ದಳು. ಯಾರಿಗೂ ಬೇಡ, ಆದರೂ ಎಲ್ಲರೂ ಕೊಡಬೇಕು. ಯಾಕಂದ್ರೆ ಮೊದಲು ನಿಲ್ಲಿಸಿದವರಿಗೆ ಕೆಟ್ಟ ಹೆಸರು.

ನಗುವಂಥ ವಿಷಯ ಇಲ್ಲಿಗೆ ಮುಗಿಯಿತು. ಇನ್ನು ಮುಂದಿನದು ನಗುವಂಥದ್ದಲ್ಲ.

ನಮ್ಮಲ್ಲಿ ಹೆಣ್ಣು ಹೆತ್ತವರಿಗೆ ಮದುವೆಯ ಖರ್ಚು ಮದುವೆಯ ದಿನ ಮುಗಿಯಲ್ಲ. ಮೊದಲ ಗೌರಿ ಹಬ್ಬಕ್ಕೆ ಮಗಳಿಗೆ ಸೀರೆ, ಬಾಗಿನ. ಮೊದಲ ದೀಪಾವಳಿಗೆ ಅಳಿಯನಿಗೆ ಬಟ್ಟೆ, ಉಂಗುರ, ಇನ್ನೂ ಅನುಕೂಲಸ್ಥರಾದರೆ ಚೈನು. ಜೊತೆಗೆ ಬಂದ ಬೀಗರಿಗೆಲ್ಲ ಬಟ್ಟೆಬರೆ. 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಚಿನ್ನ ಒಂದು ಲಕ್ಷ ಮುಟ್ಟಿತು, ಆಮೇಲೆ ಇನ್ನೂ ಏರಿತು. ಐದು ಗ್ರಾಮಿನ ಸಾದಾ ಉಂಗುರ ಅಂದರೂ ಮಜೂರಿ, ಶೇ. 3 ಜಿಎಸ್‌ಟಿ ಎಲ್ಲ ಸೇರಿ ಅರ್ಧ ಲಕ್ಷದ ಮೇಲೆ. ಅದು ಪಿಂಚಣಿಯಲ್ಲಿ ಬದುಕುವ ಮನೆಯ ಎರಡು ತಿಂಗಳ ಸಂಸಾರ. ಮದುವೆ ಸಾಲ ತೀರುವ ಮೊದಲೇ ಇದು ಬರುತ್ತೆ. ಪೇಪರಿನ ‘ಹತ್ತು ದಾರಿ’ಗಳು ಇಂಥ ಅಪ್ಪನಿಗೆ ಏನು ಹೇಳ್ತವೆ? ತೋರಣ ಮನೆಯಲ್ಲೇ ಕಟ್ಟಿ ಅಂತಲಾ?

ಇಲ್ಲೇ ನನ್ನ ವಾದ ಇರೋದು. ಹಬ್ಬದಲ್ಲಿ ದುಡ್ಡು ಉಳಿಸಿ ಅಂತ ನಾವು ಯಾವಾಗಲೂ ಕೊಡುವವರಿಗೆ ಹೇಳ್ತೀವಿ. ಆದರೆ ಕೊಡುವವರ ಕೈ ಕಟ್ಟಿಹೋಗಿರುತ್ತೆ. ಕಡಿಮೆ ಮಾಡೋ ಅಧಿಕಾರ ಅವರ ಹತ್ತಿರ ಇಲ್ಲವೇ ಇಲ್ಲ. ಅದು ಇರೋದು ತೆಗೆದುಕೊಳ್ಳುವವರ ಹತ್ತಿರ. ‘ಬೇಡ’ ಅನ್ನಬೇಕಾದವರು ತೆಗೆದುಕೊಳ್ಳುವವರು. ಅಂದರೆ ನಾವು. ಹೊಸದಾಗಿ ಮದುವೆಯಾದ, ಕೈತುಂಬ ಸಂಬಳ ಬರುವ, ಉಂಗುರ ಇಲ್ಲದಿದ್ದರೂ ಏನೂ ಕಮ್ಮಿಯಾಗದ ನಮ್ಮಂಥ ಅಳಿಯಂದಿರು.

ಹೇಳೋದು ಸುಲಭ, ಮಾಡೋದು ಅಷ್ಟು ಸುಲಭ ಅಲ್ಲ ಅಂತ ನನಗೂ ಗೊತ್ತಾಗಿದ್ದು 2025ರ ದೀಪಾವಳಿಯಲ್ಲಿ. ನನ್ನದು ಮೊದಲ ದೀಪಾವಳಿ. ಮಾವನವರು ನಿವೃತ್ತ ಪ್ರೈಮರಿ ಶಾಲೆ ಮೇಷ್ಟ್ರು. ಹಬ್ಬಕ್ಕೆ ಎರಡು ತಿಂಗಳು ಇರುವಾಗಲೇ ಫೋನ್ ಮಾಡಿ, “ಮಾವ, ಉಂಗುರ ಗಿಂಗುರ ಏನೂ ಬೇಡ, ನಾವು ಬರ್ತೀವಿ, ಎಣ್ಣೆನೀರು ಹಾಕಿಸಿಕೊಂಡು ಉಂಡು ಬರ್ತೀವಿ ಅಷ್ಟೆ” ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನೀವು ಬ್ಯಾಡ ಅಂದ್ರ ಅದು ನಿಮ್ಮ ದೊಡ್ಡಸ್ತಿಕಿ ಆಗ್ತದ್ರಿ. ನಾ ಕೊಡಲಿಲ್ಲಂದ್ರ ನನ್ನ ಜಿಪುಣತನ ಆಗ್ತದ. ಮಂದಿ ಎರಡೂ ಕೂಡಿಸಿ ಮಾತಾಡಂಗಿಲ್ರಿ, ಎರಡನೇದಷ್ಟ ಮಾತಾಡ್ತಾರ.”

ಎಷ್ಟು ನಿಜ! ನಾನು ‘ಬೇಡ’ ಅಂದಿದ್ದು ನನಗೂ ಅವರಿಗೂ ಮಾತ್ರ ಗೊತ್ತು. ಅವರು ಕೊಡದೆ ಇದ್ದಿದ್ದು ಇಡೀ ಓಣಿಗೆ ಗೊತ್ತಾಗುತ್ತೆ. ಫೋನಿನಲ್ಲಿ ಹೇಳಿದ ‘ಬೇಡ’ದಿಂದ ಅವರ ದುಡ್ಡು ಉಳಿಯಬಹುದು, ಮರ್ಯಾದೆ ಉಳಿಯಲ್ಲ. ದುಡ್ಡಿಗಿಂತ ಮರ್ಯಾದೆ ದೊಡ್ಡದು ಅಂತ ಬದುಕಿದವರು ಸಾಲ ಮಾಡಿಯಾದರೂ ಕೊಟ್ಟೇ ಕೊಡುತ್ತಾರೆ.

ಕೊನೆಗೆ ಇದನ್ನು ಬಿಡಿಸಿದವಳು ಅಮ್ಮ. ತಾನೇ ಬೀಗಿತ್ತಿಗೆ ಫೋನ್ ಹಚ್ಚಿದಳು. “ನೋಡೀಮ್ಮಾ, ನೀವು ಉಂಗುರ ಕೊಟ್ಟರೆ ನಾಳೆ ನಮ್ಮ ಹುಡುಗಿ ಮದುವೆಯಾದಾಗ ನಾವೂ ಅಳಿಯನಿಗೆ ಉಂಗುರ ಕೊಡಲೇಬೇಕಾಗುತ್ತೆ. ನಮ್ಮ ಕೈಲಿ ಆಗಲ್ಲ. ನಿಮ್ಮಿಂದ ನಮಗೆ ಈ ಒಂದು ಉಪಕಾರ ಆಗಬೇಕು” ಅಂದಳು. ಅಷ್ಟೇ ಅಲ್ಲ, ಹಬ್ಬದ ದಿನ ಮಾವನವರ ಮನೆಗೆ ಬಂದಿದ್ದ ಅವರ ಅಣ್ಣತಮ್ಮಂದಿರು, ಅಕ್ಕಪಕ್ಕದವರ ಎದುರಿಗೇ “ನಾವೇ ಬೇಡ ಅಂದಿದ್ದು, ನಮ್ಮನೇಲಿ ಆ ಪದ್ಧತಿ ಇಟ್ಟುಕೊಂಡಿಲ್ಲ” ಅಂತ ಎರಡು ಸಲ ಗಟ್ಟಿಯಾಗಿ ಹೇಳಿದಳು. ಮಾವನವರು ನನಗೊಂದು ಪಂಚೆ, ಶಲ್ಯ ಕೊಟ್ಟರು. ಆರತಿ ತಟ್ಟೆಗೆ ನಾನು ದುಡ್ಡು ಹಾಕಿದೆ. ಅತ್ತೆ ಮಾಡಿದ್ದ ಕರ್ಚಿಕಾಯಿ, ಶೇಂಗಾ ಹೋಳಿಗೆ ಮೂರು ದಿನ ತಿಂದೆವು. ಯಾರ ಮನೆಯಲ್ಲೂ ಸಾಲ ಆಗಲಿಲ್ಲ, ಯಾರ ಮುಖವೂ ಸಣ್ಣದಾಗಲಿಲ್ಲ.

ಇದರಿಂದ ನನಗೆ ತಿಳಿದಿದ್ದು ಮೂರು. ಒಂದು, ‘ಬೇಡ’ ಅನ್ನೋದನ್ನು ಬೇಗ ಹೇಳಬೇಕು. ಸಾಮಾನು ಕೊಂಡ ಮೇಲೆ “ಯಾಕೆ ಇದೆಲ್ಲ ತರೋಕೆ ಹೋದ್ರಿ” ಅನ್ನೋದು ಬರೀ ಉಪಚಾರ. ಎರಡು, ನಾಲ್ಕು ಜನರ ಎದುರಿಗೆ ಹೇಳಬೇಕು, ಆಡಿಕೊಳ್ಳುವವರ ಬಾಯಿ ಮುಚ್ಚುವ ಹಾಗೆ. ಮೂರು, ಔದಾರ್ಯ ತೋರಿಸುವ ದನಿಯಲ್ಲಿ ಹೇಳದೆ, ನಮಗೇ ಉಪಕಾರ ಕೇಳುವ ದನಿಯಲ್ಲಿ ಹೇಳಬೇಕು. ಇದನ್ನು ಅಳಿಯನಿಗಿಂತ ಅಳಿಯನ ತಾಯಿ ಹೇಳಿದರೆ ಹೆಚ್ಚು ತೂಕ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ, ಡಿಫಾಲ್ಟ್ ಸೆಟ್ಟಿಂಗ್ ಬದಲಾಯಿಸೋ ಅಡ್ಮಿನ್ ಪಾಸ್‌ವರ್ಡ್ ಇರೋದು ಗಂಡಿನ ಮನೆಯವರ ಹತ್ತಿರ.

ವರದಕ್ಷಿಣೆ ನಿಷೇಧ ಕಾಯ್ದೆ 1961ರಲ್ಲೇ ಬಂದಿದೆ. ಕೊಡೋದು, ತಗೊಳ್ಳೋದು, ಕೇಳೋದು ಎಲ್ಲವೂ ಅಪರಾಧ. ಆದರೆ ಹಬ್ಬದ ಉಡುಗೊರೆಯನ್ನು ಯಾರೂ ಬಾಯಿಬಿಟ್ಟು ಕೇಳಲ್ಲ. “ನಮ್ಮ ದೊಡ್ಡ ಸೊಸೆ ಮನೆಯವರು ಚೈನ್ ಹಾಕಿದ್ರು” ಅಂತ ಸುಮ್ಮನೆ ಒಂದು ಮಾತು ಗಾಳಿಯಲ್ಲಿ ಬಿಡ್ತಾರೆ. ಯಾವ ಪೊಲೀಸ್ ಸ್ಟೇಷನ್ನಿನಲ್ಲಿ ಅಂತ ಗಾಳಿಮಾತಿನ ಮೇಲೆ ಕಂಪ್ಲೇಂಟ್ ಬರೆಸ್ತೀರಿ? ಅದನ್ನು ನಿಲ್ಲಿಸೋದು ಮನೆಯೊಳಗಿನವರಿಂದಲೇ ಆಗಬೇಕು.

“ಹಾಗಾದರೆ ಕೊಡೋದೇ ತಪ್ಪಾ? ತವರಿನ ಬಾಗಿನ ಬೇಡವಾ?” ಅಂತ ಕೇಳಬಹುದು ನೀವು. ಖಂಡಿತ ಬೇಕು. ನಾನು ಚಿಕ್ಕವನಿದ್ದಾಗ ಗೌರಿ ಹಬ್ಬಕ್ಕೆ ಸೋದರಮಾವ ಅಮ್ಮನಿಗೆ ಮನಿಯಾರ್ಡರ್ ಕಳಿಸುತ್ತಿದ್ದ. ನೂರೊಂದು ರೂಪಾಯಿ. ಫಾರಮ್ಮಿನ ಕೆಳಗಡೆ ಸಂದೇಶಕ್ಕೆ ಅಂತ ಇರುತ್ತಿದ್ದ ಪುಟ್ಟ ಜಾಗದಲ್ಲಿ, “ಅರಿಶಿನ ಕುಂಕುಮಕ್ಕೆ ಕಳಿಸಿದ್ದೇನೆ, ಬಳೆ ತೊಡಿಸಿಕೋ, ಹಸು ಕರು ಹಾಕಿದೆ” ಅಂತ ಎರಡು ಸಾಲು. ಅಮ್ಮ ದುಡ್ಡನ್ನು ಖರ್ಚು ಮಾಡಿ ಆ ಚೀಟಿಯನ್ನು ಎತ್ತಿಡುತ್ತಿದ್ದಳು. ಬಾಗಿನದ ಮೊರದಲ್ಲಿ ಇರೋದೇನು? ಅಕ್ಕಿ, ಬೇಳೆ, ಬೆಲ್ಲ, ಕಾಯಿ, ಬಳೆ, ಅರಿಶಿನ, ಕುಂಕುಮ. ಮನೆಯಲ್ಲಿ ಇದ್ದದ್ದರಲ್ಲಿ ಒಂದು ಪಾಲು ಹೊರಗೆ ಹೋದ ಮಗಳಿಗೂ ಸೇರಬೇಕು ಅನ್ನೋದು ಅದರ ಅರ್ಥ ಅಂತ ನನ್ನ ತಿಳುವಳಿಕೆ. ಇಲ್ಲದ್ದನ್ನು ಸಾಲ ತಂದು ಮೊರದಲ್ಲಿ ಹಾಕು ಅಂತ ಯಾವ ಗೌರಿಯೂ ಕೇಳಿಲ್ಲ.

ಇನ್ನೊಂದು ಆಕ್ಷೇಪಣೆಯೂ ಬರುತ್ತೆ. ಎಲ್ಲರೂ ಹೀಗೆ ಬಿಗಿ ಹಿಡಿದರೆ ವ್ಯಾಪಾರಿಗಳ ಗತಿ ಏನು? ಸರಿಯಾದ ಪ್ರಶ್ನೆಯೇ. ಅದಕ್ಕೇ ನಾನು ಎಲ್ಲಿ ಕಡಿತ ಮಾಡಬಾರದು ಅನ್ನೋದನ್ನೂ ಹೇಳಿಬಿಡ್ತೀನಿ. ಮನೆಕೆಲಸದವರ ಹಬ್ಬದ ಇನಾಮಿನಲ್ಲಿ ಮಾಡಬೇಡಿ. 1965ರ ಬೋನಸ್ ಕಾಯ್ದೆಯಿಂದ ಫ್ಯಾಕ್ಟರಿಯ ಕಾರ್ಮಿಕರಿಗೆ ಕನಿಷ್ಠ ಶೇ. 8.33, ಅಂದರೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ, ಹಕ್ಕಿನಿಂದ ಸಿಗುವಂತಾಯಿತು. ನಮ್ಮ ಮನೆಯ ಪಾತ್ರೆ ತೊಳೆಯುವವರು ಆ ಕಾಯ್ದೆಯ ಒಳಗೆ ಬರಲೇ ಇಲ್ಲ. ಅವರ ಬೋನಸ್ಸು ನಮ್ಮ ಮನಸ್ಸಿನ ಮೇಲೆ ನಿಂತಿದೆ. ಒಂದು ತಿಂಗಳ ಸಂಬಳ ಕೊಡಿ, ಹಳೇ ಸೀರೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಹಾಗೆಯೇ ಫುಟ್‌ಪಾತಿನಲ್ಲಿ ಬಾಳೆಕಂದು, ಬೂದುಗುಂಬಳ ಇಟ್ಟುಕೊಂಡು ಕೂತವರ ಹತ್ತಿರ ಹತ್ತು ರೂಪಾಯಿಗೆ ಜಗ್ಗಾಡಬೇಡಿ. ಆಯುಧಪೂಜೆಯ ಮಾರನೇ ದಿನ ಕೆ.ಆರ್. ಮಾರ್ಕೆಟ್ ಕಡೆ ಹೋದರೆ, ಮಾರಾಟವಾಗದ ಬಾಳೆಕಂದು, ಕುಂಬಳಕಾಯಿ ರಾಶಿ ರಾಶಿ ಬಿದ್ದಿರೋದು ಕಾಣುತ್ತೆ. ಲಾರಿ ಬಾಡಿಗೆ ಕೊಟ್ಟು ತಂದವನು ಅದನ್ನು ಅಲ್ಲೇ ಬಿಟ್ಟು ಹೋಗಿರ್ತಾನೆ. ಮಾಲಿನಲ್ಲಿ ಬೆಲೆಪಟ್ಟಿ ನೋಡಿ ತುಟಿಪಿಟಕ್ ಅನ್ನದ ನಾವು ಚೌಕಾಶಿ ಮಾಡೋದು ಇಂಥವರ ಹತ್ತಿರ ಮಾತ್ರ.

ದಸರಾ ಗೊಂಬೆಯ ಪದ್ಧತಿ ಇದಕ್ಕೆ ಒಳ್ಳೆಯ ಮಾದರಿ. ಹಳೇ ಮೈಸೂರಿನ ಮನೆಗಳಲ್ಲಿ ಪಟ್ಟದ ಗೊಂಬೆ ತವರಿಂದ ಬಂದದ್ದು, ಅದು ಹಾಗೇ ಮುಂದುವರಿಯುತ್ತೆ. ವರ್ಷಕ್ಕೆ ಒಂದೋ ಎರಡೋ ಹೊಸ ಗೊಂಬೆ ಸೇರಿಸ್ತಾರೆ. ಚನ್ನಪಟ್ಟಣದ ಒಬ್ಬ ಕುಶಲಕರ್ಮಿಗೆ ವರ್ಷವೂ ಅಷ್ಟಿಷ್ಟು ವ್ಯಾಪಾರ, ಮನೆಯವರಿಗೆ ಹೊರೆಯಿಲ್ಲ, ಹತ್ತು ವರ್ಷಕ್ಕೆ ಮೆಟ್ಟಿಲು ತುಂಬಿರುತ್ತೆ. ಒಂದೇ ವರ್ಷದಲ್ಲಿ ಒಂಬತ್ತು ಮೆಟ್ಟಿಲು ತುಂಬಿಸಿ ಫೋಟೋ ಹಾಕುವ ಆತುರ ನಮ್ಮ ಕಾಲದ್ದು.

ಸಾಲ ಮಾಡಿಯಾದರೂ ತುಪ್ಪ ತಿನ್ನು ಅನ್ನುವ ಮಾತಿದೆ. ಅದನ್ನು ಹೇಳಿದವನು ತಾನು ಸಾಲ ಮಾಡಿ ತಾನು ತುಪ್ಪ ತಿನ್ನೋ ಮಾತಾಡಿದ್ದ. ನಮ್ಮ ಹಬ್ಬಗಳಲ್ಲಿ ಸಾಲ ಮಾಡುವವರೊಬ್ಬರು, ತುಪ್ಪ ತಿನ್ನುವವರು ಇನ್ನೊಬ್ಬರು. ತಿನ್ನುವ ತಟ್ಟೆಯ ಮುಂದೆ ಕೂತವರು “ಸಾಕು” ಅಂತ ಕೈ ಅಡ್ಡ ಹಿಡಿಯದೆ ಬಡಿಸುವವರು ನಿಲ್ಲಿಸೋಕಾಗಲ್ಲ. ಬಡಿಸುವ ಮನೆಯ ಮರ್ಯಾದೆ ಹಾಗಿರುತ್ತೆ.

ಈ ಸಲ ನಿಮ್ಮಲ್ಲಿ ಯಾರಿಗಾದರೂ ಮೊದಲ ದೀಪಾವಳಿ ಇದೆಯಾ? ಮನೆಯಲ್ಲಿ ತಮ್ಮನಿಗೋ ಮಗನಿಗೋ ಇದೆಯಾ? ಹಾಗಿದ್ದರೆ ಅಮ್ಮನ ಕೈಗೆ ಇವತ್ತೇ ಫೋನ್ ಕೊಡಿ. ಹಬ್ಬ ಹತ್ತಿರ ಬಂದ ಮೇಲೆ ಮಾತಿಗೆ ಬೆಲೆ ಕಮ್ಮಿ, ಚಿನ್ನಕ್ಕೆ ಬೆಲೆ ಜಾಸ್ತಿ. ನಿಮ್ಮ ಊರುಗಳಲ್ಲಿ ಈ ಕೊಡು-ತಗೋ ಲೆಕ್ಕ ಹೇಗಿದೆ, ಯಾರಾದರೂ ನಿಲ್ಲಿಸಿದ್ದಾರಾ, ಹೇಗೆ ನಿಲ್ಲಿಸಿದರು? ತಪ್ಪದೆ ಬರೆಯಿರಿ. ರವಿಕೆ ಕಣದ ರಿಂಗ್ ಕತ್ತರಿಸಿದ ಧೀರರು ಯಾರಾದರೂ ಇದ್ದರಂತೂ ಅಮ್ಮ ನಿಮ್ಮ ಹತ್ತಿರ ಮಾತಾಡಬೇಕಂತೆ :)